ಸಿ ಪ್ರೋಗ್ರಾಂ ಶುರುವಾಗುವಾಗಿನ ಸ್ಟೇಟಸ್ ಸಾಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ, ಯಾಕೆ?

ಪೀಣ್ಯ_ಬೋರ್ಡು:
ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಮೆಷಿನ್ ಕಂಟ್ರೋಲರ್‌ಗೆ ಸಿ ಕೋಡ್ ಬರೆಯುತ್ತೇನೆ. ಒಳಗಿರುವುದು ಚಿಕ್ಕ ಲಿನಕ್ಸ್ ಬೋರ್ಡ್. ಪ್ರೋಗ್ರಾಂ ಶುರುವಾಗುವಾಗ ಒಂದೊಂದು ಕೆಲಸಕ್ಕೂ ಒಂದು ಸಾಲು ಬರಬೇಕು: "ಸೆಟ್ಟಿಂಗ್ಸ್ ಓದುತ್ತಿದೆ ... ಸರಿ", "ಮೋಡೆಮ್ ಹುಡುಕುತ್ತಿದೆ ... ಸರಿ" ಹೀಗೆ. ಎಡಗಡೆಯದು ಮೊದಲು ಕಾಣಬೇಕು, ಕೆಲಸ ಮುಗಿದ ಮೇಲೆ ಅದೇ ಸಾಲಿನ ಬಲಗಡೆ ಹಸಿರು ಬಣ್ಣದಲ್ಲಿ "ಸರಿ". ಆದರೆ ಟರ್ಮಿನಲ್‌ನಲ್ಲಿ ಎರಡೂ ಒಟ್ಟಿಗೇ ಬೀಳುತ್ತವೆ, ಅಲ್ಲಿಯವರೆಗೆ ಸಾಲು ಖಾಲಿ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆ) ಸರ್ವಿಸ್ ಮಾಡಿ ಓಡಿಸಿದರೆ ಅದರ ಲಾಗ್ ಆದ ಜರ್ನಲ್‌ನಲ್ಲಿ ಏನೂ ಬರುವುದೇ ಇಲ್ಲ. ಫೈಲಿಗೆ ತಿರುಗಿಸಿದರೆ ಮೊದಲ ಕೆಲವು ಸಾಲು ಎರಡೆರಡು ಸಲ! ಮೊನ್ನೆ ಟರ್ಮಿನಲ್‌ನಲ್ಲಿ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ಸಾಯುವುದು) ಆದಾಗ ಕೊನೆಗೆ ಕಂಡದ್ದು ಸೆಟ್ಟಿಂಗ್ಸ್ ಸಾಲು, ತಪ್ಪು ಹುಡುಕುವ ಜಿಡಿಬಿ ಮಾತ್ರ ಮೋಡೆಮ್ ಫಂಕ್ಷನ್ ತೋರಿಸುತ್ತಿದೆ. ಯಾವುದನ್ನು ನಂಬಲಿ?

ಸೀರಿಯಲ್_ಕೇಬಲ್:
ಜಿಡಿಬಿಯನ್ನು ನಂಬಿ ಗುರು. ಪ್ರಿಂಟ್‌ಎಫ್ ಅಂದ ತಕ್ಷಣ ಅಕ್ಷರ ಹೊರಗೆ ಹೋಗುವುದಿಲ್ಲ, ಲೈಬ್ರರಿಯ ಬಫರ್‌ನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಕೂರುತ್ತದೆ. ಎಸ್‌ಟಿಡಿಔಟ್‌ನ (ಪ್ರೋಗ್ರಾಂನ ಮಾಮೂಲಿ ಔಟ್‌ಪುಟ್ ದಾರಿ) ಆಚೆ ಬದಿ ಟರ್ಮಿನಲ್ ಇದ್ದರೆ ಹೊಸ ಸಾಲಿನ ಗುರುತು ಬಂದಾಗ ಹೊರಡುತ್ತದೆ. ಪೈಪ್, ಫೈಲ್, ಸಾಕೆಟ್ ಇದ್ದರೆ ಅದೂ ಇಲ್ಲ, ಮೆಜೆಸ್ಟಿಕ್‌ನ ಶೇರ್ ಆಟೋ ಥರ ಪೂರ್ತಿ ತುಂಬುವ ತನಕ ಕಾಯುತ್ತದೆ. ಸರ್ವಿಸ್ ಆದಾಗ ಆಚೆ ಇರುವುದು ಜರ್ನಲ್‌ನ ಸಾಕೆಟ್, ಹಾಗಾಗಿ ನಿಮ್ಮ ನಾಲ್ಕು ಸಾಲಿಗೆ ಬಫರ್ ತುಂಬುವುದೇ ಇಲ್ಲ.

ಸೆಗ್‌ಫಾಲ್ಟ್ ಆದರೆ ಬಫರ್‌ನಲ್ಲಿ ಇದ್ದದ್ದೆಲ್ಲ ಹೋಯಿತು ಅಂತಲೇ ಲೆಕ್ಕ. ನಿಮ್ಮ "ಮೋಡೆಮ್ ಹುಡುಕುತ್ತಿದೆ" ಅನ್ನುವ ಅರ್ಧ ಸಾಲು ಅಲ್ಲೇ ಸತ್ತಿದೆ.

ಮಾಡಬೇಕಾದ್ದು ಇಷ್ಟು. ಮೇನ್‌ನ ಮೊದಲ ಸಾಲಿನಲ್ಲೇ ಸೆಟ್‌ವಿಬಫ್ ಕರೆದು ಎಸ್‌ಟಿಡಿಔಟ್ ಅನ್ನು ಲೈನ್ ಬಫರಿಂಗ್‌ಗೆ, ಅಂದರೆ ಸಾಲು ಮುಗಿದಾಗಲೆಲ್ಲ ಹೊರಡುವ ಹಾಗೆ, ಹಾಕಿ. ಏನಾದರೂ ಪ್ರಿಂಟ್ ಮಾಡಿದ ಮೇಲೆ ಕರೆದರೆ ಖಾತ್ರಿ ಇಲ್ಲ. ಅರ್ಧ ಸಾಲಿಗೆ ಅದೂ ಸಾಲದು, ಎಡಗಡೆಯ ಮಾತು ಬರೆದ ಕೂಡಲೇ ಎಫ್‌ಫ್ಲಶ್ ಮಾಡಿ (ಬಫರ್‌ನಲ್ಲಿದ್ದದ್ದು ಕೂಡಲೇ ಹೊರಡುತ್ತದೆ), ಆಮೇಲೆ ಕೆಲಸ ಶುರು ಮಾಡಿ. ಇನ್ನೊಂದು ವಿಷಯ, ಜರ್ನಲ್ ಸಾಲು ಪೂರ್ತಿಯಾದ ಮೇಲೇ ಬರೆದುಕೊಳ್ಳುವುದು. ಅಲ್ಲಿಗೆ ಈ ಅರ್ಧ ಸಾಲಿನ ಅಲಂಕಾರ ಬೇಡ. "ಮೋಡೆಮ್: ಶುರು", "ಮೋಡೆಮ್: ಸರಿ" ಅಂತ ಎರಡು ಪೂರ್ತಿ ಸಾಲು ಕೊಡಿ.

ಹಳೇ_ಟಿಟಿವೈ:
ಇಷ್ಟೆಲ್ಲ ಯಾಕೆ, ಸ್ಟೇಟಸ್ ಸಾಲುಗಳನ್ನು ಎಸ್‌ಟಿಡಿಎರ್‌ಗೆ, ಅಂದರೆ ತಪ್ಪು ತಿಳಿಸಲು ಇರುವ ಬೇರೆ ಔಟ್‌ಪುಟ್ ದಾರಿಗೆ, ಬರೆಯಿರಿ. ಅದಕ್ಕೆ ಬಫರಿಂಗ್ ಇಲ್ಲ, ಸಿಸ್ಟಮ್‌ಡಿಯಲ್ಲಿ ಅದೂ ಜರ್ನಲ್‌ಗೇ ಹೋಗುತ್ತದೆ. ಎಸ್‌ಟಿಡಿಔಟ್ ಇರುವುದು ಡೇಟಾಗೆ.

ಎರಡೆರಡು ಸಲ ಬರುವುದು ಫೋರ್ಕ್‌ನಿಂದ, ಅಂದರೆ ಪ್ರೋಗ್ರಾಂ ತನ್ನದೇ ನಕಲು ಪ್ರೋಸೆಸ್ ಹುಟ್ಟಿಸುವುದರಿಂದ. ಫೋರ್ಕ್ ಆದಾಗ ಬಫರ್‌ನಲ್ಲಿ ಉಳಿದದ್ದಕ್ಕೂ ಒಂದು ನಕಲು ಮಗು ಪ್ರೋಸೆಸ್‌ಗೆ ಸಿಗುತ್ತದೆ, ಎರಡೂ ಎಕ್ಸಿಟ್ ಆಗುವಾಗ ಹೊರಗೆ ಸುರಿಯುತ್ತವೆ. ಫೋರ್ಕ್‌ಗೆ ಮುಂಚೆ ಎಫ್‌ಫ್ಲಶ್ ಮಾಡಿ, ಮುಗಿಯಿತು.

ಆಮೇಲೆ ಕೆಲಸ ಕೆಟ್ಟಾಗ ಸುಮ್ನೆ "ಆಗಲಿಲ್ಲ" ಅಂತ ಬರೆಯಬೇಡಿ. ಯಾವ ಡಿವೈಸ್ ಫೈಲು, ಎರ್‌ನೋ (ಕೊನೆಯ ತಪ್ಪಿನ ಸಂಖ್ಯೆ) ಏನು ಹೇಳುತ್ತದೆ, ಅದನ್ನು ಸ್ಟ್ರ್‌ಎರರ್‌ನಿಂದ ಮಾತಾಗಿಸಿ ಕೊಡಿ. ಎರ್‌ನೋವನ್ನು ಮೊದಲೇ ಒಂದು ವೇರಿಯಬಲ್‌ಗೆ ಹಾಕಿಟ್ಟುಕೊಳ್ಳಿ. ನಡುವೆ ಒಂದು ಪ್ರಿಂಟ್‌ಎಫ್ ಬಂದರೂ ಅದು ಬದಲಾಗಬಹುದು. ರಾತ್ರಿ ಫೋನ್ ಬರುವುದು ನಿಮಗೇ ಅಲ್ವಾ?

ಅರ್ಧವಿರಾಮ:
ಬಣ್ಣ ಹಾಕುವ ಮುಂಚೆ ಇಸ್‌ಎಟಿಟಿವೈ ಕೇಳಿ. ಆಚೆ ಟರ್ಮಿನಲ್ ಇಲ್ಲದಿದ್ದರೆ ಬಣ್ಣದ ಎಸ್ಕೇಪ್ ಕೋಡ್ (ಟರ್ಮಿನಲ್‌ಗೆ ಆಜ್ಞೆ ಕೊಡುವ ವಿಶೇಷ ಅಕ್ಷರಗಳು) ಬಿಟ್ಟುಬಿಡಿ, ಇಲ್ಲದಿದ್ದರೆ ಲಾಗ್ ಫೈಲಿನ ತುಂಬ ಕಸ.

"ಸರಿ"ಗಳು ಒಂದೇ ನೇರದಲ್ಲಿ ನಿಲ್ಲಬೇಕು ಅಂತ ಪ್ರಿಂಟ್‌ಎಫ್‌ಗೆ 40ರ ಅಗಲ ಕೊಟ್ಟಿರುತ್ತೀರಿ. ಸಾಲುಗಳು ಕನ್ನಡದಲ್ಲಿದ್ದರೆ ಅದು ಕೆಡುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್. "ಡಿಸ್ಕ್" ನೋಡಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಡ, ಗುಡಿಸು, ಸ, ಹಲಂತ, ಕ, ಮತ್ತೆ ಹಲಂತ, ಒಟ್ಟು 6. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ 18. ಪ್ರಿಂಟ್‌ಎಫ್ ಬರೀ 22 ಜಾಗ ತುಂಬಿಸಿ ಕೈ ತೊಳೆದುಕೊಳ್ಳುತ್ತದೆ. ಅದರ ಬದಲು ಎಸ್ಕೇಪ್ ಕೋಡ್ ಕಳಿಸಿ ಕರ್ಸರ್ ಅನ್ನೇ 60ನೇ ಕಾಲಂಗೆ ಒಯ್ದು ಅಲ್ಲಿ "ಸರಿ" ಬರೆಯಿರಿ. ಹಳೆಯ ರೆಡ್ ಹ್ಯಾಟ್‌ನ ಬೂಟ್ ಸ್ಕ್ರಿಪ್ಟ್‌ಗಳೂ ಹೀಗೇ ಮಾಡುತ್ತಿದ್ದವು, ಅಲ್ಲೂ ಕಾಲಂ 60.

ಆದರೆ ಬೋರ್ಡಿಗೆ ನೇರ ಮಾನಿಟರ್ ಸಿಕ್ಕಿಸಿದರೆ ಬರುವ ಲಿನಕ್ಸ್ ಕನ್ಸೋಲ್‌ನಲ್ಲಿ ಕನ್ನಡದ ಆಸೆ ಬಿಡಿ. ಅದರ ಫಾಂಟ್‌ನಲ್ಲಿ ಹಿಡಿಯುವುದೇ 512 ಆಕಾರ, ಒತ್ತಕ್ಷರ ಜೋಡಿಸುವುದು ಅದಕ್ಕೆ ಗೊತ್ತೇ ಇಲ್ಲ.

ಪೀಣ್ಯ_ಬೋರ್ಡು:
ಎಫ್‌ಫ್ಲಶ್ ಹಾಕಿದೆ, ಟರ್ಮಿನಲ್ ಸರಿಯಾಯಿತು, ಎರಡೆರಡು ಸಾಲೂ ಹೋಯಿತು. ಆಪರೇಟರ್‌ಗಳಿಗೆ ಕನ್ನಡ ಬೇಕೇ ಬೇಕು, ಅದನ್ನು ಪ್ಯಾನೆಲ್‌ನ ಸ್ಕ್ರೀನಿಗೆ ಹಾಕಿ ಕನ್ಸೋಲ್‌ಗೆ ಇಂಗ್ಲಿಷ್ ಇಡುತ್ತೇನೆ. ಇನ್ನೊಂದೇ ಪ್ರಶ್ನೆ. ಇದೇ ಸಾಲುಗಳನ್ನು ಪ್ರೋಗ್ರಾಂನಿಂದ ಸೀರಿಯಲ್ ಪೋರ್ಟ್‌ಗೂ ಬರೆಯುತ್ತೇನೆ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ. ಎಸ್.ಪಿ. ರೋಡಿನಲ್ಲಿ ತಂದ ಯುಎಸ್‌ಬಿ ಕೇಬಲ್ ಹಾಕಿ ನೋಡಿದರೆ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತಿವೆ. ಕೇಬಲ್ ಡೂಪ್ಲಿಕೇಟಾ?

ಸೀರಿಯಲ್_ಕೇಬಲ್:
ಕೇಬಲ್ ಪಾಪ ಏನೂ ಮಾಡಿಲ್ಲ, ಅಕ್ಷರಗಳು ಸರಿಯಾಗಿ ಓದಲು ಬರುತ್ತಿವೆಯಲ್ಲ. ಪೋರ್ಟ್ ತೆರೆದ ಮೇಲೆ ಸಿಎಫ್‌ಮೇಕ್‌ರಾ (ಬೈಟ್‌ಗಳನ್ನು ಬದಲಿಸದೆ ಹಾಗೇ ಕಳಿಸುವ ರಾ ಮೋಡ್‌ಗೆ ಹಾಕುವ ಫಂಕ್ಷನ್) ಕರೆದಿದ್ದೀರಾ ನೋಡಿ. ಮಾಮೂಲಿಯಾಗಿ ಹೊಸ ಸಾಲಿನ ಗುರುತಿಗೆ ಮೊದಲು ಕ್ಯಾರೇಜ್ ರಿಟರ್ನ್ (ಕರ್ಸರ್ ಅನ್ನು ಎಡಕ್ಕೆ ತರುವ ಗುರುತು) ಸೇರಿಸುವುದು ಟಿಟಿವೈ (ಟರ್ಮಿನಲ್) ಡ್ರೈವರ್. ರಾ ಮೋಡ್‌ಗೆ ಹೋದರೆ ಆ ಕೆಲಸ ನಿಲ್ಲುತ್ತದೆ, ಕರ್ಸರ್ ಕೆಳಗಿಳಿಯುತ್ತದೆ, ಎಡಕ್ಕೆ ಬರುವುದಿಲ್ಲ. ಸೀರಿಯಲ್‌ಗೆ ಬರೆಯುವಾಗ ಎರಡೂ ಗುರುತು ನೀವೇ ಕಳಿಸಿ. ಮತ್ತೆ 115200 ಅಂದರೆ, ಒಂದು ಬೈಟ್‌ಗೆ 10 ಬಿಟ್ ಲೆಕ್ಕದಲ್ಲಿ, ಸೆಕೆಂಡಿಗೆ 11520 ಬೈಟ್ ಅಷ್ಟೇ. 80 ಬೈಟ್‌ನ ಒಂದು ಸಾಲು ಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು, ಮೋಟರ್ ಟೈಮಿಂಗ್ ನೋಡುವ ಲೂಪ್ ಒಳಗೆ ಅದನ್ನು ಇಡಬೇಡಿ.