ಕಾಗದದ ಮರುತ್ ಆಟಿಕೆಯಂತೆ ಕಾಣುತ್ತಿದೆ, ಎಲ್ಲಿ ತಪ್ಪಿದೆ?

ಶಹಾಪುರದ ಬೈಂಡರ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಶಹಾಪುರದಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತೇನೆ. ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಚೇರಿಗಳ ದಪ್ಪ ರಿಜಿಸ್ಟರು, ಕಾಲೇಜು ಹುಡುಗರ ಪ್ರಬಂಧ, ಎಲೆ ಎಲೆಯಾಗಿ ಉದುರುವ ಹಳೆಯ ಪುರಾಣದ ಪ್ರತಿ, ಹೀಗೆ ಕೈಗೆ ಬಂದದ್ದನ್ನೆಲ್ಲ ಹೊಲಿದು ರಟ್ಟು ಹಾಕಿದ್ದೇನೆ. ಕಾಗದದ ಗುಣ ನನಗೆ ಗೊತ್ತು ಎಂಬ ಧೈರ್ಯದ ಮೇಲೆಯೇ ಮೂರು ವರ್ಷದ ಹಿಂದೆ ಕಾಗದದ ವಿಮಾನ ಮಾದರಿಗಳಿಗೆ ಕೈ ಹಾಕಿದೆ. ಮಡಚಿ ಹಾರಿಸುವ ವಿಮಾನವಲ್ಲ. ಅಸಲು ವಿಮಾನದ ಅಳತೆ ಹಿಡಿದು, ಒಳಗೆ ಅಸ್ಥಿಪಂಜರ ಕಟ್ಟಿ, ಮೇಲೆ ಕಾಗದದ ಚರ್ಮ ಹೊದಿಸುವ ಮಾದರಿ.

ಈ ಸಲ ಮಾಡಿದ್ದು ಎಚ್‌ಎಫ್-24 ಮರುತ್. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ನಮ್ಮ ಎಚ್‌ಎಎಲ್ ಕಟ್ಟಿದ ಜೆಟ್ ಯುದ್ಧವಿಮಾನ. ಇದನ್ನು ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥರು ಜರ್ಮನಿಯಿಂದ ಬಂದಿದ್ದ ಕುರ್ಟ್ ಟ್ಯಾಂಕ್. ಅಸಲು ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಕಾಗದದ ವಿಮಾನಗಳಿಗೆ ರೂಢಿಯಲ್ಲಿರುವ 1:33 ಪ್ರಮಾಣಕ್ಕೆ ಇಳಿಸಿದರೆ ಉದ್ದ 48 ಸೆಂಟಿಮೀಟರ್, ಅಗಲ 27 ಸೆಂಟಿಮೀಟರ್‌ಗಿಂತ ಕೂದಲೆಳೆ ಹೆಚ್ಚು. ಮೂರು ನೋಟದ ನಕ್ಷೆ ಇಟ್ಟುಕೊಂಡು ಭಾಗಗಳನ್ನು ನಾನೇ ಬಿಡಿಸಿದೆ. ಒಳಗಿನ ಅಡ್ಡಪಟ್ಟಿಗಳಿಗೆ ಬೈಂಡಿಂಗ್ ಬೋರ್ಡ್, ಹೊರಚರ್ಮಕ್ಕೆ 160 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 160 ಗ್ರಾಂ ತೂಗುವ ಕಾರ್ಡು. ಎಂಟು ತಿಂಗಳು ಹಿಡಿಯಿತು.

ಮುಗಿಸಿ ಕಪಾಟಿನ ಮೇಲೆ ಇಟ್ಟೆ. ಅಕ್ಕನ ಮಗ ಬಂದವನು ನೋಡಿ, "ಮಾಮಾ, ಆಟಿಕೆ ಬಹಳ ಚೆಂದ ಆಗಿದೆ" ಎಂದ. ಹುಡುಗ ಮೆಚ್ಚಿಯೇ ಹೇಳಿದ್ದು. ಆದರೆ ಆಟಿಕೆ ಎಂಬ ಮಾತು ಮನಸ್ಸಿನಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿದೆ. ಅಳತೆ ಸರಿಯಿದೆ, ಸಂದು ಕೂಡಿದೆ, ಎಲ್ಲಿಯೂ ಅಂಟು ಹೊರಬಂದಿಲ್ಲ. ಆದರೂ ಅವನು ಹೇಳಿದ್ದು ನಿಜ ಎಂದು ನನಗೇ ಅನಿಸುತ್ತಿದೆ.

ನನ್ನ ಕಣ್ಣಿಗೆ ಬಿದ್ದ ದೋಷ ಎರಡು. ಮರುತ್‌ನ ಒಡಲು ನಡುವಿನಲ್ಲಿ ಸೊಂಟದಂತೆ ಸಣ್ಣಗಾಗುತ್ತದೆ. ಕಾಗದ ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗುವುದಿಲ್ಲ. ಆದ್ದರಿಂದ ಆ ಭಾಗವನ್ನು ಐದು ತುಂಡು ಮಾಡಿದೆ; ಈಗ ಅದು ಕಬ್ಬಿನ ಗೆಣ್ಣಿನಂತೆ ಕಾಣುತ್ತದೆ. ಎರಡನೆಯದು, ಬಾಲದ ಕಡೆ ಒಳಗಿನ ಅಡ್ಡಪಟ್ಟಿಗಳು ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ ಎದ್ದು ತೋರುತ್ತವೆ. ಕಾಗದದ ನಾರು ಒಡಲಿನ ಉದ್ದಕ್ಕೇ ಇರುವಂತೆ ನೋಡಿಕೊಂಡಿದ್ದೆ, ಅದರಲ್ಲಿ ತಪ್ಪಿಲ್ಲ. ಇವೆರಡನ್ನು ಬಿಟ್ಟು ಇನ್ನೂ ಏನೋ ಇದೆ. ಅದು ಏನೆಂದು ತಿಳಿಯುತ್ತಿಲ್ಲ.

ತಗಡಿನ ಸಂದುಗಳನ್ನು ಅರ್ಧ ಮಿಲಿಮೀಟರ್ ಕಪ್ಪು ಗೆರೆಯಲ್ಲಿ ಮುದ್ರಿಸಿದ್ದೇನೆ. ಕತ್ತರಿಸಿದ ಅಂಚುಗಳ ಬಿಳುಪು ಕಾಣದಿರಲೆಂದು ಕಪ್ಪು ಶಾಯಿ ಸವರಿದ್ದೇನೆ. ಕೊನೆಗೆ ಮದುವೆ ಪತ್ರಿಕೆಗೆ ಹೊಡೆಯುವ ಹೊಳಪಿನ ವಾರ್ನಿಶ್. ತಿಳಿದವರು ದಾಕ್ಷಿಣ್ಯವಿಲ್ಲದೆ ಹೇಳಬೇಕು.

ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ವಿಜಯಪುರ

ಬೈಂಡರ್ ಅವರೇ, ನಮಸ್ಕಾರ. ವಾಯುಪಡೆಗೆ ಸೇರಿದಾಗ ನನ್ನ ಮೊದಲ ತರಬೇತಿ ನಿಮ್ಮ ಸಾಂಬ್ರಾದಲ್ಲಿಯೇ ಆಯಿತು. ಆಮೇಲೆ ಬಹಳ ವರ್ಷ ಬೀದರ್‌ನಲ್ಲಿ ಕಿರಣ್ ತರಬೇತಿ ವಿಮಾನಗಳ ಮೇಲೆ ಕೆಲಸ ಮಾಡಿದೆ. ಮರುತ್ ಮೇಲೆ ಕೈ ಆಡಿಸುವ ಭಾಗ್ಯ ನನಗೆ ಸಿಗಲಿಲ್ಲ. ಆದರೆ ತಗಡು ತಗಡೇ, ಬಣ್ಣ ಬಣ್ಣವೇ.

ಮೊದಲು ನಿಮ್ಮ ಗೆರೆಯನ್ನೇ ಹಿಡಿಯೋಣ. ಅರ್ಧ ಮಿಲಿಮೀಟರ್ ಗೆರೆಯನ್ನು 33ರಿಂದ ಗುಣಿಸಿ. ಹದಿನಾರೂವರೆ ಮಿಲಿಮೀಟರ್ ಆಯಿತು. ಎರಡು ತಗಡುಗಳ ನಡುವೆ ಅಷ್ಟು ಸಂದು ಬಿಟ್ಟರೆ ನನ್ನ ಹೆಬ್ಬೆರಳು ಒಳಗೆ ಹೋದೀತು! ಅಂಥ ವಿಮಾನವನ್ನು ಯಾವ ಇನ್‌ಸ್ಪೆಕ್ಟರೂ ನೆಲ ಬಿಡಲು ಬಿಡುವುದಿಲ್ಲ. ನಿಮ್ಮ ಕಾರ್ಡಿನ ದಪ್ಪವೂ ಹಾಗೆಯೇ. ಒಂದು ಪದರ ಸುಮಾರು 0.2 ಮಿಲಿಮೀಟರ್ ಎಂದರೆ ಅಸಲಿನಲ್ಲಿ ಆರೂವರೆ ಮಿಲಿಮೀಟರ್. ರೆಕ್ಕೆಯ ಹಿಂದಂಚಿನಲ್ಲಿ ಮೇಲಿನದೂ ಕೆಳಗಿನದೂ ಎರಡು ಪದರ ಕೂಡುತ್ತವೆ, ಹದಿಮೂರು. ಅಸಲು ವಿಮಾನದ ಹಿಂದಂಚನ್ನು ಅಡ್ಡದಿಂದ ನೋಡಿದರೆ ಅದು ತೆಳುವಾಗಿ ಮಾಯವಾದಂತೆ ಕಾಣುತ್ತದೆ. ನಿಮ್ಮದು ರಟ್ಟಿನಂತೆ ಮೊಂಡಾಗಿ ನಿಂತಿರಬೇಕು, ನೋಡಿ.

ಇನ್ನೊಂದು ಲೆಕ್ಕ. ಕಪಾಟಿನಿಂದ ಒಂದು ಮೀಟರ್ ದೂರ ನಿಂತು ನೋಡಿದರೆ, ಅಸಲು ವಿಮಾನವನ್ನು 33 ಮೀಟರ್ ದೂರದಿಂದ ನೋಡಿದಂತೆ. ನಾವು ದಿನಾ ಹ್ಯಾಂಗರ್ ಬಾಗಿಲಲ್ಲಿ ನಿಂತು ಅಷ್ಟು ದೂರದ ವಿಮಾನ ನೋಡುತ್ತಿದ್ದೆವು. ಅಲ್ಲಿಂದ ರಿವೆಟ್ ಕಾಣುವುದಿಲ್ಲ, ಸಂದು ಎಲ್ಲೋ ಅಲ್ಲೊಂದು ಇಲ್ಲೊಂದು ಕಂಡರೆ ಹೆಚ್ಚು. ಬಣ್ಣವೂ ಡಬ್ಬಿಯಲ್ಲಿ ಇದ್ದಷ್ಟು ಗಾಢವಾಗಿ ಕಾಣುವುದಿಲ್ಲ, ನಡುವಿನ ಗಾಳಿ ಬೆಳಕುಗಳು ಅದನ್ನು ಸ್ವಲ್ಪ ತಿಳಿಗೊಳಿಸುತ್ತವೆ. ನೀವು ಡಬ್ಬಿಯ ಹಸಿರನ್ನೇ ಮುದ್ರಿಸಿದ್ದರೆ ಅದು ಮಾದರಿಯ ಮೇಲೆ ಹೆಚ್ಚಾಗಿಯೇ ಕಾಣುತ್ತದೆ. ಹೊಳಪಿನ ವಾರ್ನಿಶ್ ಅಂತೂ ಬೇಡವೇ ಬೇಡ. ಮರೆಬಣ್ಣ ಹಚ್ಚುವುದೇ ವಿಮಾನ ಮಿಂಚಿ ಶತ್ರುವಿನ ಕಣ್ಣಿಗೆ ಬೀಳಬಾರದು ಎಂದು.

ಇನ್ನು ಮುಖ್ಯವಾದ ಪ್ರಶ್ನೆ. ನೀವು ಮಾಡುತ್ತಿರುವುದು ಆ ವಿಮಾನದ ಯಾವ ದಿನ? ಕಾರ್ಖಾನೆಯಿಂದ ಹೊರಬಂದ ದಿನವೋ, ಸೇವೆಯಲ್ಲಿದ್ದ ದಿನವೋ? 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಮರುತ್‌ಗಳು ರಾಜಸ್ಥಾನದ ಕಡೆಯಿಂದ ಹಾರಿದ್ದವು. ಆ ದಿನಗಳ ವಿಮಾನವಾದರೆ ಚಕ್ರದ ಸುತ್ತ, ಚಕ್ರ ಒಳಗೆ ಹೋಗುವ ಗೂಡಿನಲ್ಲಿ ಮರಳಿನ ಬಣ್ಣದ ಧೂಳು ಕೂತಿರುತ್ತದೆ. ಮೂಗಿನ ಎರಡೂ ಬದಿ ಸೇರಿ ನಾಲ್ಕು 30 ಎಂಎಂ ಏಡನ್ ಫಿರಂಗಿಗಳಿವೆ. ಗುಂಡು ಹಾರಿಸಿದ್ದರೆ ಬಾಯಿಯಿಂದ ಹಿಂದಕ್ಕೆ ಮಸಿ ಎಳೆದಿರುತ್ತದೆ. ಯಾವಾಗಲೂ ಹಿಂದಕ್ಕೆ, ಗಾಳಿ ಹರಿಯುವ ದಿಕ್ಕಿಗೆ. ಎಲ್ಲ ಕಡೆ ಸಮನಾಗಿ ಮಸಿ ಒರೆಸಿದರೆ ಅದು ಅಡಿಗೆಮನೆಯ ಗೋಡೆಯಾಗುತ್ತದೆ.

ಬಣ್ಣ ಮೊದಲು ಏಳುವುದು ನಾವು ದಿನಾ ಬಿಚ್ಚುವ ಮುಚ್ಚಳಗಳ ತಿರುಪಿನ ತಲೆಯ ಮೇಲೆ. ಸ್ಕ್ರೂಡ್ರೈವರ್ ಜಾರಿದ ಕಡೆ ಸಣ್ಣ ಬೆಳ್ಳಿಯ ಗೀರು ಉಳಿಯುತ್ತದೆ. ಆಮೇಲೆ ರೆಕ್ಕೆಯ ಬುಡದಲ್ಲಿ, ನಮ್ಮ ಬೂಟು ತುಳಿಯುವ ಜಾಗದಲ್ಲಿ. ವರ್ಷಕ್ಕೊಮ್ಮೆ ತೆರೆಯುವ ಮುಚ್ಚಳ ಹೊಸದರಂತೆಯೇ ಇರುತ್ತದೆ. ಚಕ್ರದ ಕೆಳಗಡೆ ಟೈರು ಭಾರಕ್ಕೆ ಸ್ವಲ್ಪ ಚಪ್ಪಟೆಯಾಗಬೇಕು. ಮಾದರಿ ಮಾಡುವವರಲ್ಲಿ ನೂರಕ್ಕೆ ತೊಂಬತ್ತು ಜನ ಇದನ್ನು ಮರೆಯುತ್ತಾರೆ. ಆಗ ಎಷ್ಟೋ ಟನ್ನಿನ ವಿಮಾನ ಬೆಂಡಿನ ಹಾಗೆ ಮೇಜಿನ ಮೇಲೆ ತೇಲುತ್ತದೆ.

ಬಣ್ಣದ ಮನೆ, ಗೋಕಾಕ

ಅಣ್ಣಾವರೇ, ನಾನು ವಿಮಾನದವಳಲ್ಲ. ನಮ್ಮದು ಗೋಕಾಕದ ಆಟಿಕೆ ಮಾಡುವ ಮನೆ. ಕಟ್ಟಿಗೆಯ ಹಣ್ಣು ಕಾಯಿಗೆ ಬಣ್ಣ ಹಚ್ಚುತ್ತಾ ಬೆಳೆದವಳು. ಆಟಿಕೆ ಎಂಬ ಮಾತಿಗೆ ನೊಂದುಕೊಳ್ಳಬೇಡಿ. ನಮ್ಮ ಅಜ್ಜ ಮಾಡಿದ ಸೀತಾಫಲವನ್ನು ಮನೆಗೆ ಬಂದವರು ಒಡೆಯಲು ಹೋದದ್ದನ್ನು ನಾನೇ ನೋಡಿದ್ದೇನೆ.

ಅಜ್ಜ ಮಾವಿನ ಹಣ್ಣಿಗೆ ಒಂದೇ ಹಳದಿ ಎಂದೂ ಹಚ್ಚಲಿಲ್ಲ. ತೊಟ್ಟಿನ ಹತ್ತಿರ ಹಸಿರು ಉಳಿಸುತ್ತಿದ್ದರು, ಬಿಸಿಲು ತಾಗಿದ ಕೆನ್ನೆಗೆ ಕೆಂಪು. ಆಮೇಲೆ ಒಂದು ಕಪ್ಪು ಚುಕ್ಕೆ. ಎರಡನೆಯದನ್ನು ಇಡಲು ಹೋದರೆ ಕೈ ಹಿಡಿಯುತ್ತಿದ್ದರು. ನಿಮ್ಮ ಹಸಿರಿನಲ್ಲಿಯೂ ಹೀಗೆ ಮಾಡಿ ನೋಡಿ: ಬೆನ್ನಿನ ಮೇಲೆ ಬಿಸಿಲಿಗೆ ಮಾಸಿದ ಹಸಿರು, ರೆಕ್ಕೆಯ ನೆರಳು ಬೀಳುವ ಕಡೆ ಮೊದಲಿನದೇ ಹಸಿರು. ಒಣ ಬಣ್ಣದ ಪುಡಿಯನ್ನು ಹತ್ತಿಯಲ್ಲಿ ತೆಗೆದು ತಿಕ್ಕಿದರೆ ಸಾಕು, ಕಾಗದ ನೆನೆಯುವುದಿಲ್ಲ.

ಅಂಚಿಗೆ ಕಪ್ಪು ಹಚ್ಚಿದ್ದೇ ದೊಡ್ಡ ತಪ್ಪು. ಕಪ್ಪು ಅಂಚು ಬಂದರೆ ಪ್ರತಿ ತುಂಡೂ ಚಿತ್ರದ ಪುಸ್ತಕದಲ್ಲಿ ಬಾಹ್ಯರೇಖೆ ಎಳೆದ ಹಾಗೆ ಬೇರೆ ಬೇರೆಯಾಗಿ ನಿಲ್ಲುತ್ತದೆ. ಅಂಚಿಗೆ ಅದರ ಪಕ್ಕದ ಬಣ್ಣವೇ ಬರಬೇಕು, ಬೇಕಾದರೆ ಒಂದು ಎಳೆ ಗಾಢವಾಗಿ.

ಸೊಂಟದ ವಿಷಯ: ಕಾಗದ ಎರಡು ದಿಕ್ಕಿಗೆ ಬಾಗುವುದಿಲ್ಲ ಎಂದಿರಿ. ಪೂರ್ತಿ ಬಾಗುವುದಿಲ್ಲ, ಸ್ವಲ್ಪ ಒಪ್ಪುತ್ತದೆ. ಒಳಮೈಗೆ ಒದ್ದೆ ಬಟ್ಟೆ ತಾಗಿಸಿ, ಅಂಗೈ ಮೇಲೆ ಇಟ್ಟುಕೊಂಡು ಚಮಚದ ಬೆನ್ನಿನಿಂದ ನಿಧಾನವಾಗಿ ತಿಕ್ಕಿ. ನಾವು ಕಾಗದದ ಹೂವಿನ ಎಸಳಿಗೆ ಹೀಗೆಯೇ ಹೊಟ್ಟೆ ಬರಿಸುತ್ತೇವೆ.

ನವನಗರದ ವಿದ್ಯಾರ್ಥಿ, ಬಾಗಲಕೋಟೆ

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ಇಲ್ಲ. ಧೂಳು ಮಸಿ ಇದ್ದರೆ ಮಾತ್ರ ಅಸಲಿನಂತೆ ಕಾಣುತ್ತದೆಯೇ? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ಮರುತ್ ನಿಂತಿದೆ. ಅದಕ್ಕೆ ಬಣ್ಣ ಹೊಡೆದು ಚೊಕ್ಕವಾಗಿ ಇಟ್ಟಿದ್ದಾರೆ, ಅದೂ ಅಸಲೇ. ನಾನು ಆರನೇ ತರಗತಿಯಲ್ಲಿ ಶಾಲಾ ಪ್ರವಾಸಕ್ಕೆ ಹೋದಾಗ ಅದರ ಕೆಳಗೆ ನಿಂತಿದ್ದೆ. ನನಗೆ ಇಂದಿಗೂ ನೆನಪಿರುವುದು ಕೊಳೆ ಅಲ್ಲ, ಗಾಳಿ ಒಳಗೆ ಹೋಗುವ ಬಾಯಿಗಳಲ್ಲಿ ಕೂತಿರುವ ಅರ್ಧ ಶಂಕುಗಳು. ಅವು ಒಡಲಿಗೆ ಅಂಟಿಕೊಂಡಿದ್ದರೂ ಬಾಯಿಯ ಅಂಚಿಗೂ ಅವಕ್ಕೂ ನಡುವೆ ಕತ್ತಲು ಇದೆ. ಬೈಂಡರ್ ಸರ್, ನಿಮ್ಮ ಮಾದರಿಯಲ್ಲಿ ಅಲ್ಲಿ ಕತ್ತಲು ಇದೆಯೇ, ಇಲ್ಲವೇ ಕಪ್ಪು ಕಾಗದ ಅಂಟಿಸಿದ್ದೀರಾ?

ಶಹಾಪುರದ ಬೈಂಡರ್, ಬೆಳಗಾವಿ

ಕಪ್ಪು ಕಾಗದ ಅಂಟಿಸಿದ್ದೆ. ಓದಿದ ಕೂಡಲೇ ಎದ್ದು ಹೋಗಿ ನೋಡಿದೆ, ನಾಚಿಕೆಯಾಯಿತು. ಆ ಭಾಗ ಕತ್ತರಿಸಿ ತೆಗೆದು, ನಾಲ್ಕು ಸೆಂಟಿಮೀಟರ್ ಆಳದ ಕೊಳವೆ ಸುತ್ತಿ ಒಳಗೆ ಕೂರಿಸಿದ್ದೇನೆ. ಈಗ ದೀಪ ಹಾಕಿದರೂ ಅದರ ತಳ ಕಾಣುವುದಿಲ್ಲ. ತಮ್ಮಾ, ನಿನಗೆ ಋಣಿ.

ಆರು ವಾರ ಉತ್ತರ ಬರೆಯದೆ ಇದ್ದುದಕ್ಕೆ ಎಲ್ಲರೂ ಕ್ಷಮಿಸಬೇಕು. ಬಾಲವನ್ನೂ ರೆಕ್ಕೆಯನ್ನೂ ಹೊಸದಾಗಿ ಮಾಡುತ್ತಿದ್ದೆ.

ಕಾಕಾ ಹೇಳಿದ ಹದಿಮೂರು ಮಿಲಿಮೀಟರ್ ನನ್ನ ನಿದ್ದೆ ಕೆಡಿಸಿತ್ತು. ಕಾರ್ಡು ತೆಳ್ಳಗಿನದು ಹಾಕಿದರೆ ರೆಕ್ಕೆ ಸೊರಗುತ್ತದೆ, ದಪ್ಪನೆಯದು ಹಾಕಿದರೆ ಅಂಚು ಮೊಂಡು. ಮೂರನೆಯ ದಿನ ಅಂಗಡಿಯಲ್ಲಿ ಒಂದು ಚರ್ಮದ ಬೈಂಡಿಂಗ್ ಬಂತು. ಚರ್ಮವನ್ನು ರಟ್ಟಿನ ಮೇಲೆ ಮಡಚುವ ಮೊದಲು ಅದರ ಅಂಚನ್ನು ಒಳಗಡೆಯಿಂದ ಚಾಕುವಿನಲ್ಲಿ ಓರೆಯಾಗಿ ಹೆರೆಯುತ್ತೇವೆ, ಮಡಿಕೆ ದಪ್ಪವಾಗದಿರಲಿ ಎಂದು. ಹೆರೆಯುತ್ತಿದ್ದ ಕೈ ಅಲ್ಲಿಯೇ ನಿಂತಿತು. ಇಪ್ಪತ್ತೆರಡು ವರ್ಷ ಚರ್ಮಕ್ಕೆ ಮಾಡಿದ್ದನ್ನು ಕಾರ್ಡಿಗೆ ಮಾಡಲು ಹೊಳೆದಿರಲಿಲ್ಲ!

ಈಗ ರೆಕ್ಕೆಯ ಕಾರ್ಡನ್ನು ಗಾಜಿನ ಮೇಲೆ ಬೋರಲು ಹಾಕಿ, ಹಿಂದಂಚಿನ ಎಂಟು ಮಿಲಿಮೀಟರನ್ನು ಒಳಗಡೆಯಿಂದ ಹೆರೆಯುತ್ತೇನೆ. ಚಾಕು ಬಹುತೇಕ ಮಲಗಿರಬೇಕು. ಎದ್ದರೆ ಕಾಗದ ಸೀಳುತ್ತದೆ. ನಾರು ಎದ್ದ ಕಡೆ ನಯವಾದ ಉಪ್ಪುಕಾಗದ. ಕೊನೆಗೆ ಅಂಚನ್ನು ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಅದರ ಮೂಲಕ ಕಾಣಬೇಕು, ಅಷ್ಟು ತೆಳುವಾಗುತ್ತದೆ. ಇಂಥ ಎರಡು ಅಂಚು ಕೂಡಿಸಿದಾಗ ಮೊದಲಿನ ಒಂದು ಪದರದಷ್ಟೂ ದಪ್ಪ ಬರಲಿಲ್ಲ. ನಾಲ್ಕು ರೆಕ್ಕೆ ಹಾಳಾದವು, ಐದನೆಯದು ನಿಂತಿತು.

ಪಕ್ಕೆಲುಬಿನ ಕಾರಣವೂ ಸಿಕ್ಕಿತು. ಬಾಲವನ್ನು ಕಳೆದ ಜುಲೈನಲ್ಲಿ ಹೊದಿಸಿದ್ದೆ. ಬೆಳಗಾವಿಯ ಜುಲೈ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಗೋಡೆಯೇ ಬೆವರುತ್ತದೆ. ಕಾಗದ ತೇವ ಕುಡಿದು ನಾರಿಗೆ ಅಡ್ಡವಾಗಿ ಹಿಗ್ಗಿತ್ತು. ನಾನು ಅದಕ್ಕೇ ಅಳತೆ ಸರಿಮಾಡಿ, ಪ್ರತಿ ಅಡ್ಡಪಟ್ಟಿಗೂ ಫೆವಿಕಾಲ್ ತುಂಬಿ ಅಂಟಿಸಿದೆ. ಚಳಿಗಾಲದಲ್ಲಿ ಕಾಗದ ಕುಗ್ಗಿದಾಗ ಎಲುಬು ಹೊರಬಂದವು. ಈ ಸಲ ಕಾರ್ಡನ್ನು ಎರಡು ದಿನ ಬಲ್ಬಿನ ಪೆಟ್ಟಿಗೆಯಲ್ಲಿ ಇಟ್ಟು ಒಣಗಿಸಿದೆ, ಅಡ್ಡಪಟ್ಟಿಗಳನ್ನು ಸುತ್ತಲೂ ಒಂದು ಕೂದಲಿನಷ್ಟು ಉಜ್ಜಿ ಸಣ್ಣದು ಮಾಡಿದೆ, ಅಂಟು ಸಂದಿನ ಗೆರೆಗೆ ಮಾತ್ರ.

ಅಕ್ಕಾವರೇ, ಚಮಚ ಕೆಲಸ ಮಾಡಿತು. ಐದು ತುಂಡಿನ ಸೊಂಟ ಏಳು ತುಂಡಾಯಿತು, ಪ್ರತಿ ತುಂಡಿಗೂ ಒಳಬಾಗು ಕೊಟ್ಟೆ. ಬೆರಳಾಡಿಸಿದರೆ ಗೆಣ್ಣು ಇನ್ನೂ ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಂದಿನ ಗೆರೆ ಮುದ್ರಿಸುವುದನ್ನು ಬಿಟ್ಟೆ. ಗಟ್ಟಿ ಪೆನ್ಸಿಲ್ ಚೂಪು ಮಾಡಿ ತೇಲಿಸಿ ಎಳೆದೆ, ಅರ್ಧದಷ್ಟನ್ನು ಮತ್ತೆ ಅಳಿಸಿದೆ.

ಕಾಕಾ, ದಿನವನ್ನು ನಿರ್ಧರಿಸಿದ್ದೇನೆ: 1971ರ ಡಿಸೆಂಬರ್, ಹಾರಿ ಬಂದು ಇಳಿದ ಮೇಲಿನ ಸಂಜೆ. ಫಿರಂಗಿಯ ಮಸಿಯನ್ನು ಹಿಂದಕ್ಕೆ ಎಳೆದಿದ್ದೇನೆ, ನಾಲ್ಕರಲ್ಲಿ ಎರಡಕ್ಕೆ ಸ್ವಲ್ಪ ಹೆಚ್ಚು. ಬಾಗಲಕೋಟೆಯ ತಮ್ಮನ ಮಾತಿಗೆ ಬೆಲೆ ಕೊಟ್ಟು ಬೆನ್ನನ್ನು ಚೊಕ್ಕವಾಗಿಯೇ ಬಿಟ್ಟಿದ್ದೇನೆ. ತಿರುಪಿನ ಗೀರು ಮೂರು ಮುಚ್ಚಳಗಳ ಮೇಲೆ ಮಾತ್ರ, ಸೂಜಿಯ ಮೊನೆಯಿಂದ ಬೆಳ್ಳಿಯ ಬಣ್ಣ ಇಟ್ಟೆ. ಟೈರುಗಳ ತಳವನ್ನು ಉಪ್ಪುಕಾಗದದ ಮೇಲೆ ಎರಡು ಸಲ ಎಳೆದೆ. ಅಷ್ಟಕ್ಕೇ ವಿಮಾನಕ್ಕೆ ಭಾರ ಬಂತು, ನಂಬಲಾಗಲಿಲ್ಲ.

ಒಂದು ಸಂದೇಹ ಉಳಿದಿದೆ. ಮುಂದಿನ ಚಕ್ರದ ಟೈರು ಹಿಂದಿನವುಗಳಷ್ಟೇ ಚಪ್ಪಟೆಯಾಗುತ್ತದೆಯೇ, ಕಡಿಮೆಯೇ? ಅದನ್ನು ಇನ್ನೂ ಉಜ್ಜಿಲ್ಲ, ಬಿಡಿಯಾಗಿಯೇ ಇಟ್ಟಿದ್ದೇನೆ.

ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ವಿಜಯಪುರ

ಕಡಿಮೆ. ಭಾರದ ಹೆಚ್ಚಿನ ಪಾಲು ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಒಂದೇ ಸಲ ಎಳೆಯಿರಿ, ಸಾಕು. ಫೋಟೋ ಹಾಕುವಾಗ ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ನೆಲದ ಮೇಲೆ ನಿಂತವನ ಕಣ್ಣು ಎಷ್ಟು ಎತ್ತರ ಇರುತ್ತದೆಯೋ ಅಲ್ಲಿಗೆ. ನಿಮ್ಮ ಪ್ರಮಾಣದಲ್ಲಿ ಅದು ಐದು ಸೆಂಟಿಮೀಟರ್.