ಅತ್ತೆ ನೋಡಿದ ಬೆಳಕು, ಗುಂಪು ನೋಡಿದ ವಿಡಿಯೊ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 38 ಜನರಿದ್ದೇವೆ. ಶುಕ್ರವಾರ ರಾತ್ರಿ ಅಲ್ಲಿ ನೂರಕ್ಕೂ ಜಾಸ್ತಿ ಮೆಸೇಜ್ ಬಂದವು. ಮೊದಲನೆಯದು ತೀರ್ಥಹಳ್ಳಿಯ ಅತ್ತೆಯದು. 7.26ಕ್ಕೆ ಬಂದ 41 ಸೆಕೆಂಡಿನ ವಾಯ್ಸ್ ಮೆಸೇಜ್. ಅದನ್ನು ಪೂರ್ತಿ ಕೇಳಿದವರು ಆ ರಾತ್ರಿ ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

8.50ಕ್ಕೆ ಶಿವಮೊಗ್ಗದ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ಕಪ್ಪು ಆಕಾಶ, ಅದರಲ್ಲಿ ಬಾಲ ಬಿಟ್ಟುಕೊಂಡು ಉರಿಯುತ್ತಾ ಹೋಗುವ ತುಂಡುಗಳು. ಕೆಳಗೆ ದಪ್ಪ ಅಕ್ಷರ: "ಮಲೆನಾಡಿನ ಆಕಾಶದಲ್ಲಿ ನಿಗೂಢ ಬೆಳಕು. ಮೂರು ರಾತ್ರಿ ಯಾರೂ ಹೊರಗೆ ಬರಬೇಡಿ. ಎಲ್ಲರಿಗೂ ತಿಳಿಸಿ."

ಚಿಕ್ಕಪ್ಪ: ತೀರ್ಥಹಳ್ಳಿ ಅಕ್ಕ ನೋಡಿದ್ದು ಇದೇ. ಎಲ್ಲರೂ ಹುಷಾರಾಗಿರಿ.

ಬೆಂಗಳೂರಿನ ಅಣ್ಣ: ಚಿಕ್ಕಪ್ಪ, ಇದು ಎಲ್ಲಿಯ ವಿಡಿಯೊ? ಯಾವತ್ತಿನದು? ಯಾವ ಪೇಪರಿನಲ್ಲಿ ಬಂದಿದೆ?

ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಹಾಕಿದವರು ರಿಟೈರ್ಡ್ ಮೇಷ್ಟ್ರು. ಸುಳ್ಳು ಹೇಳುವವರಲ್ಲ.

ಅಣ್ಣ: ಮೇಷ್ಟ್ರು ಕಣ್ಣಾರೆ ನೋಡಿದರಾ, ಇಲ್ಲ ಅವರಿಗೂ ಯಾರೋ ಕಳಿಸಿದ್ದಾ?

ದೊಡ್ಡಪ್ಪ: ದೀಪ ಹಚ್ಚಿದ ಮೇಲೆ ಅಂಗಳದಲ್ಲಿ ನಿಂತು ಆಕಾಶ ನೋಡಬೇಡಿ ಅಂತ ನಮ್ಮಮ್ಮ ಹೇಳುತ್ತಿದ್ದರು. ಹಿರಿಯರ ಮಾತಿಗೆ ಒಂದು ಅರ್ಥ ಇರುತ್ತದೆ. ಈಗಿನವರಿಗೆ ಎಲ್ಲದಕ್ಕೂ ಪುರಾವೆ ಬೇಕು.

ಸಾಗರದ ಅಕ್ಕ: ದೊಡ್ಡಪ್ಪ, ಅಜ್ಜಿಯ ಕೊಳ್ಳಿದೆವ್ವದ ಕಥೆ ನೆನಪಿದೆಯಾ? ಗದ್ದೆ ಅಂಚಿನ ಮೇಲೆ ಒಂದು ದೀಪ ಹೊರಡುತ್ತದೆ, ನೋಡ್ತಾ ನೋಡ್ತಾ ಎರಡಾಗುತ್ತದೆ, ನಾಲ್ಕಾಗುತ್ತದೆ ಅಂತಿದ್ದರು. ಕೇಳಿದ ರಾತ್ರಿ ನಾವು ಯಾರೂ ಒಬ್ಬರೇ ಬಚ್ಚಲಿಗೆ ಹೋಗುತ್ತಿರಲಿಲ್ಲ.

ದೊಡ್ಡಪ್ಪ: ಅಮೆರಿಕದವರು ಆಕಾಶಕ್ಕೆ ಬಿಟ್ಟಿದ್ದ ಸ್ಕೈಲ್ಯಾಬ್ ನಿಲ್ದಾಣ ಬಿದ್ದದ್ದು ನಿಮಗೆ ಗೊತ್ತಿಲ್ಲ. 1979ರ ಜುಲೈ 11. ನಮಗೆ ಪುನರ್ವಸು ಮಳೆ, ಆಕಾಶವೇ ಕಾಣುತ್ತಿರಲಿಲ್ಲ. ಎಲ್ಲಿ ಬೀಳುತ್ತದೋ ಅಂತ ಅಪ್ಪ ರೇಡಿಯೊ ಬಿಟ್ಟು ಏಳಲಿಲ್ಲ. ಸಾಯುವುದೇ ಆದರೆ ತಿಂದು ಸಾಯೋಣ ಅಂತ ಮಳೆಗಾಲಕ್ಕೆ ಇಟ್ಟಿದ್ದ ಹಲಸಿನ ಹಪ್ಪಳವನ್ನೆಲ್ಲ ಒಂದೇ ವಾರದಲ್ಲಿ ಕರಿದು ಮುಗಿಸಿದೆವು. ಕೊನೆಗೆ ಅದು ಸಮುದ್ರಕ್ಕೂ ಆಸ್ಟ್ರೇಲಿಯಾಕ್ಕೂ ಬಿತ್ತು.

ಹಪ್ಪಳದ ಮೇಲೆ ಒಂದಿಪ್ಪತ್ತು ಮೆಸೇಜ್ ನಡೆದವು. ಯಾರ ಮನೆಯ ಹಲಸು, ಯಾವ ಮರ, ಅದನ್ನು ಯಾರು ಕಡಿಸಿದರು. ಅಷ್ಟರಲ್ಲಿ ಅಣ್ಣ ವಿಡಿಯೊದ ಮೂಲ ಹುಡುಕಿ ತಂದ.

ಅಣ್ಣ: ಸೌಂಡ್ ಜಾಸ್ತಿ ಮಾಡಿ ಕೇಳಿ. ಹಿಂದೆ ಮಾತಾಡುವವರದು ಮರಾಠಿ. ಇದು 2022ರ ಏಪ್ರಿಲ್ 2ರದು. ಚೀನಾದ ರಾಕೆಟ್ಟಿನ ತುಂಡು ವಾಪಸ್ ಬೀಳುವಾಗ ಗಾಳಿಯಲ್ಲೇ ಉರಿಯಿತು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಬಳೆಯೊಂದು ನೆಲಕ್ಕೇ ಬಿದ್ದಿತ್ತು. ಇದು ಮಲೆನಾಡೂ ಅಲ್ಲ, ಈ ವಾರದ್ದೂ ಅಲ್ಲ. ಎಲ್ಲ ಸುಳ್ಳು. ಇಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ಚಿಕ್ಕಪ್ಪನಿಗೆ ಹಳೆಯ ಗಾಯ ಕೆದರಿತು.

ಚಿಕ್ಕಪ್ಪ: 2021ರ ಜನವರಿ 21ರ ರಾತ್ರಿ ನಮ್ಮ ಮನೆ ಕಿಟಕಿ ಅದುರಿತು ಅಂತ ಬರೆದಾಗಲೂ ನೀನು ಹೀಗೇ ಅಂದೆ. "ಲಾರಿ ಹೋಗಿರಬೇಕು ಚಿಕ್ಕಪ್ಪ, ಮಲಗಿ" ಅಂತ. ಅವತ್ತು ನಾನು ಸುಳ್ಳು ಹೇಳಿದ್ದೆನಾ?

ಅವರು ಸುಳ್ಳು ಹೇಳಿರಲಿಲ್ಲ. ಅವತ್ತು ಶಿವಮೊಗ್ಗದ ಹತ್ತಿರ ಹುಣಸೋಡಿನ ಕಲ್ಲು ಕ್ವಾರಿ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಜೀವಗಳು ಹೋದವು. ಚಿಕ್ಕಮಗಳೂರಿನ ಕಡೆಯವರೆಗೂ ಅದುರಿದ್ದರಿಂದ ಮೊದಲು ಎಲ್ಲರೂ ಭೂಕಂಪ ಅಂದುಕೊಂಡಿದ್ದರು. ಚಿಕ್ಕಪ್ಪ ಚಿಕ್ಕಮ್ಮ ಆ ಚಳಿಯಲ್ಲಿ ಮನೆ ಹೊರಗೆ ಕೂತು ಬೆಳಗು ಮಾಡಿದ್ದರು. ಅಣ್ಣನ ಆ ಒಂದು ಸಾಲನ್ನು ಅವರು ಇಷ್ಟು ವರ್ಷ ಮರೆತಿಲ್ಲ. ಮರೆಯುವಂಥದ್ದೂ ಅಲ್ಲ ಅದು.

ಆಮೇಲೆ ದೊಡ್ಡಪ್ಪ ಬಂದು, ಹಿರಿಯರ ಜೊತೆ ಹೀಗೆ ಮಾತಾಡುವವನು ಅಜ್ಜನ ತಿಥಿಗೂ ಬರಲಿಲ್ಲ ಅಂದರು. ಅತ್ತಿಗೆ, ರಜೆ ಸಿಗಲಿಲ್ಲ ಅಂತ ಅವತ್ತೇ ಫೋನ್ ಮಾಡಿದ್ದರಲ್ಲ ಮಾವ ಅಂದರು. ಕೆಳಗಿನ ತೋಟದ ಪಾಲಿನ ಮಾತೂ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಗಲಾಟೆಯ ಮಧ್ಯೆ 9.40ಕ್ಕೆ ಅತ್ತೆಯದೊಂದು ಸಾಲು ಇತ್ತು. "ನಾನು ನೋಡಿದ್ದು ನಿಜ. ನಾನು ಸುಳ್ಳು ಹೇಳಿಲ್ಲ." ಅದರ ಮೇಲೂ ತಿಥಿ, ಕೆಳಗೂ ತಿಥಿ.

ಆ ಸಾಲು ಓದಿ ನನಗೆ ಸಂಕಟವಾಯಿತು. ಅಣ್ಣ ವಿಡಿಯೊ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ ವಿಡಿಯೊ ಸುಳ್ಳಾದರೆ ಅತ್ತೆಯ ಕಣ್ಣೂ ಸುಳ್ಳಾಗುತ್ತದಾ? ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದು ಚಿಕ್ಕಪ್ಪ. ಗಂಟು ಬಿಚ್ಚದೆ ಹಾಗೇ ಎಸೆದದ್ದು ಅಣ್ಣ.

ಮೇಲೆ ಹೋಗಿ ಆ ವಾಯ್ಸ್ ಮೆಸೇಜ್ ಹುಡುಕಿ ಕೇಳಿದೆ. ಹಿಂದೆ ಹಂಡೆಯಲ್ಲಿ ಅಡಿಕೆ ಬೇಯುವ ಕೊತಕೊತ ಸದ್ದು, ಸುಲಿಯುವ ಮೆಟ್ಟುಗತ್ತಿಯ ಚಟ್ ಚಟ್. ಅತ್ತೆ ಹೇಳಿದ್ದು ಇಷ್ಟು: "ಸುಲಿಯುವವರಿಗೆ ಚಹಾ ಕೊಡಲಿಕ್ಕೆ ಅಂಗಳಕ್ಕೆ ಬಂದೆ. ಏಳೂ ಕಾಲು ಇರಬೇಕು. ಆಗುಂಬೆ ಕಡೆಯಿಂದ ಬೆಳಕು ಸಾಲಾಗಿ ಬಂತು. ಮಣಿಸರ ಎಳೆದ ಹಾಗೆ. ಇಪ್ಪತ್ತರ ತನಕ ಎಣಿಸಿದೆ. ಮಿಣುಕಲಿಲ್ಲ, ಸದ್ದೂ ಇಲ್ಲ. ವಿಮಾನ ಆಗಿದ್ದರೆ ಕೆಂಪು ದೀಪ ಮಿಣುಕಬೇಕಿತ್ತು. ಮಂಡಗದ್ದೆ ಕಡೆ ಹೋದ ಮೇಲೆ ಎಲ್ಲವೂ ಒಂದೇ ಜಾಗಕ್ಕೆ ಬಂದು ಒಂದೊಂದೇ ಆರಿದವು. ಇದು ಏನು ಅಂತ ಯಾರಿಗಾದರೂ ಗೊತ್ತಾ?"

ದಿಕ್ಕು, ಹೊತ್ತು, ಲೆಕ್ಕ, ಸದ್ದು, ಎಲ್ಲ ಅದರಲ್ಲೇ ಇದೆ. ಅಣ್ಣ ಕೇಳಿದ ಪುರಾವೆ ಒಂದೂವರೆ ಗಂಟೆ ಮೊದಲೇ ಗುಂಪಿನಲ್ಲಿ ಬಿದ್ದಿತ್ತು.

ಫೋನ್ ಮಾಡಿದೆ. ಅತ್ತೆಗೆ ಬೆಳಕಿನ ಹೆದರಿಕೆ ಇರಲಿಲ್ಲ, ಬೇರೆ ಚಿಂತೆ ಇತ್ತು. ಆ ವಿಡಿಯೊ ಸುಲಿಯಲು ಬಂದ ಹೆಂಗಸರ ಮೊಬೈಲಿಗೂ ಬಂದಿತ್ತು. ಹೊರಗೆ ಬರಬೇಡಿ ಅಂತ ಓದಿದವರೇ ಒಂಬತ್ತಕ್ಕೆಲ್ಲ ಎದ್ದು ಮನೆಗೆ ಹೋದರು. ಕೊಯ್ದ ಅಡಿಕೆ ಅರ್ಧ ಹಾಗೇ ಉಳಿಯಿತು. ಅತ್ತೆ ಒಬ್ಬರೇ ಚಪ್ಪರದ ಬಲ್ಬಿನ ಕೆಳಗೆ ಸುಲಿಯುತ್ತಾ ನನ್ನ ಜೊತೆ ಮಾತಾಡಿದರು. "ಎಲ್ಲರಿಗೂ ತಿಳಿಸಿ" ಅಂತ ಬರೆದವರಿಗೆ ಈ ರಾಶಿ ಕಾಣಬೇಕಿತ್ತು.

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಅತ್ತೆ ಹೇಳಿದ ಗುರುತೆಲ್ಲ ಸ್ಟಾರ್‌ಲಿಂಕ್ ಉಪಗ್ರಹಗಳಿಗೆ ಹೊಂದುತ್ತದೆ. ಇಂಟರ್ನೆಟ್ಟಿಗಾಗಿ ಅಮೆರಿಕದ ಕಂಪನಿಯೊಂದು ಒಂದೇ ರಾಕೆಟ್ಟಿನಲ್ಲಿ ಹತ್ತಾರು ಒಟ್ಟಿಗೆ ಬಿಡುತ್ತದೆ. 2019ರ ಮೇ ತಿಂಗಳಲ್ಲಿ 60 ಬಿಟ್ಟಿದ್ದರು. ಮೊದಲ ಕೆಲವು ದಿನ ಒಂದರ ಹಿಂದೆ ಒಂದು ಸಾಲಾಗಿ ಓಡುತ್ತವೆ. ಆಮೇಲೆ ಸುಮಾರು 500 ಕಿಲೋಮೀಟರ್ ಎತ್ತರಕ್ಕೆ ಏರುತ್ತಾ ದೂರ ದೂರ ಆಗುತ್ತವೆ. ನಮಗೆ ಕಾಣುವುದು ಅವುಗಳ ಮೇಲೆ ಬಿದ್ದ ಬಿಸಿಲು. ಕೆಳಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲು ಇನ್ನೂ ಇರುತ್ತದೆ.

ಅತ್ತೆ ಒಂದು ಕ್ಷಣ ಸುಮ್ಮನಾದರು. ಕತ್ತಿಯ ಸದ್ದೂ ನಿಂತಿತು. "ಕುಂದಾದ್ರಿ ಬೆಟ್ಟದ ತುದಿಯ ಹಾಗೆ ಅಲ್ವಾ? ನಮ್ಮ ಗದ್ದೆಗೆ ಕತ್ತಲಾದ ಮೇಲೂ ಅದರ ನೆತ್ತಿ ಮೇಲೆ ಬಿಸಿಲಿರುತ್ತದೆ. ಹಾಗಾದರೆ ಆರಿದ್ದಲ್ಲ, ಭೂಮಿ ನೆರಳಿಗೆ ಹೋದದ್ದು. ಅದಕ್ಕೇ ಒಂದೇ ಜಾಗದಲ್ಲಿ."

ನಾನು ಇನ್ನೂ ನೆರಳಿನ ಮಾತು ಎತ್ತಿರಲಿಲ್ಲ.

ಅತ್ತೆಯ 41 ಸೆಕೆಂಡನ್ನು ಒಂದಕ್ಷರ ಬಿಡದೆ ಟೈಪ್ ಮಾಡಿ ಗುಂಪಿಗೆ ಹಾಕಿದೆ. ಕೆಳಗೆ ಕುಂದಾದ್ರಿಯ ಮಾತನ್ನೂ ಅವರ ಹೆಸರಿನಲ್ಲೇ ಹಾಕಿದೆ. ಸುಲಿಯುವವರು ಎದ್ದು ಹೋದದ್ದನ್ನೂ ಬರೆದೆ.

ಅಣ್ಣ: ಒಂದೊಂದೇ ಆರಿದ್ದು ನಾನು ಕೇಳಿಸಿಕೊಂಡೇ ಇರಲಿಲ್ಲ. ಅತ್ತೆ, ತಪ್ಪಾಯಿತು. ಚಿಕ್ಕಪ್ಪ, ಹುಣಸೋಡಿನ ರಾತ್ರಿಯದೂ ತಪ್ಪು.

ದೊಡ್ಡಪ್ಪ: ತಂಗಿ, ಬೆಳಿಗ್ಗೆ ನಮ್ಮ ಕಡೆಯಿಂದ ಇಬ್ಬರನ್ನು ಸುಲಿಯಲಿಕ್ಕೆ ಕಳಿಸುತ್ತೇನೆ.

ಚಿಕ್ಕಪ್ಪ ಏನೂ ಬರೆಯಲಿಲ್ಲ. ಬೆಳಿಗ್ಗೆ ನೋಡಿದರೆ ವಿಡಿಯೊ ಇದ್ದ ಜಾಗದಲ್ಲಿ ಮೆಸೇಜ್ ಅಳಿಸಲಾಗಿದೆ ಅಂತ ಇತ್ತು. ವಾಕಿಂಗ್ ಗುಂಪಿನಲ್ಲೂ ಒಂದು ಮಾತು ಹೇಳಿ ಚಿಕ್ಕಪ್ಪ, ಅದು ಅಲ್ಲಿಂದಲೇ ಬೇರೆ ಚಪ್ಪರಗಳಿಗೂ ಹೋಗಿರುತ್ತದೆ ಅಂತ ಬರೆದೆ. ಅದಕ್ಕೆ ಉತ್ತರ ಬರುವ ಮೊದಲೇ ಸಾಗರದ ಅಕ್ಕ, ಎಳ್ಳಮಾವಾಸ್ಯೆ ಜಾತ್ರೆಗೆ ಈ ಸಲ ಯಾರ್ಯಾರು ಬರುತ್ತೀರಿ ಅಂತ ಕೇಳಿದಳು. ಗುಂಪು ಅತ್ತ ಹೊರಳಿತು.

ಶನಿವಾರ ರಾತ್ರಿ 7.31ಕ್ಕೆ ಅತ್ತೆಯ ವಾಯ್ಸ್ ಮೆಸೇಜ್ ಬಂತು. 12 ಸೆಕೆಂಡು. ಈ ಸಲ ಬಂದ ಕೂಡಲೇ ಕೇಳಿದೆ. "ಇವತ್ತೂ ಬಂದವು. ನಿನ್ನೆಗಿಂತ ಸ್ವಲ್ಪ ಎಡಕ್ಕೆ. ಮಧ್ಯ ಅಂತರ ಜಾಸ್ತಿ ಆಗಿದೆ, ಬೆಳಕು ಕಡಿಮೆ. ಹಂಡೆ ಇಳಿಸಬೇಕಿತ್ತು, ಪೂರ್ತಿ ಎಣಿಸಲಿಕ್ಕೆ ಆಗಲಿಲ್ಲ."