ಚಿಕ್ಕಪ್ಪಾ, ಲಡಾಖಿನವರು ಕೇಳಿದ್ದು ಇಷ್ಟೇ

ಚಿಕ್ಕಪ್ಪಾ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಫಾರ್ವರ್ಡ್ ನೋಡಿದೆ. 'ಲಡಾಖಿನವರೇ ಕೇಂದ್ರಾಡಳಿತ ಬೇಕು ಅಂದರು, ಕೊಟ್ಟಾಯ್ತು, ಈಗ ಸ್ವಂತ ಆಡಳಿತ ಬೇಕಂತೆ, ದೇಶದ್ರೋಹಿಗಳು' ಅಂತ ಇತ್ತಲ್ಲ, ಅದಕ್ಕೇ ಈ ವಾಯ್ಸ್. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಅವರು ಕೇಳಿದ್ದು ನಿಜ. ಆಗ ಲಡಾಖ್ ಜಮ್ಮು-ಕಾಶ್ಮೀರ ರಾಜ್ಯಕ್ಕೆ ಸೇರಿತ್ತು. ಶ್ರೀನಗರದ ಸರ್ಕಾರ ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಲಡಾಖಿನ ಲೇಹ್ ಜನ 1989ರಲ್ಲೇ ಬೀದಿಗಿಳಿದಿದ್ದರು. 2019ರಲ್ಲಿ ಕೇಂದ್ರಾಡಳಿತ ಬಂದಾಗ ಲೇಹ್‌ನಲ್ಲಿ ಸಂಭ್ರಮವೋ ಸಂಭ್ರಮ. ಲಡಾಖಿನದೇ ಇನ್ನೊಂದು ಭಾಗವಾದ ಕಾರ್ಗಿಲ್‌ನವರು ಮಾತ್ರ ಆಗಲೇ ಬೇಡ ಅಂದಿದ್ದರು. ಆದರೆ ಸಿಕ್ಕಿದ್ದು ವಿಧಾನಸಭೆ ಇಲ್ಲದ ಕೇಂದ್ರಾಡಳಿತ. ಮೊದಲು ಜಮ್ಮು-ಕಾಶ್ಮೀರದ ವಿಧಾನಸಭೆಯಲ್ಲಿ ಲಡಾಖಿಗೆ 4 ಶಾಸಕರಿದ್ದರು. ಅದೂ ಹೋಯಿತು. ಅಷ್ಟು ದೊಡ್ಡ ಸೀಮೆಗೆ ಒಬ್ಬರೇ ಎಂ.ಪಿ. ಮಿಕ್ಕಿದ್ದೆಲ್ಲ ದೆಹಲಿ ನೇಮಿಸಿದ ಲೆಫ್ಟಿನೆಂಟ್ ಗವರ್ನರ್ ಮತ್ತು ಅಧಿಕಾರಿಗಳ ಕೈಯಲ್ಲಿ. ಶ್ರೀನಗರ ದೂರ ಅಂತ ಗೋಳಾಡಿದವರಿಗೆ ಈಗ ದೆಹಲಿ ಇನ್ನೂ ದೂರ.

ಚುನಾಯಿತ ಗುಡ್ಡಗಾಡು ಮಂಡಳಿ ಇದೆಯಲ್ಲ ಅನ್ನಬಹುದು ನೀವು. ಲೇಹ್‌ನಲ್ಲಿ 1995ರಿಂದ, ಕಾರ್ಗಿಲ್‌ನಲ್ಲಿ 2003ರಿಂದ ಇದೆ. ಆದರೆ ಅದಕ್ಕೆ ಕಾನೂನು ಮಾಡುವ ಅಧಿಕಾರ ಇಲ್ಲ. ಅದಕ್ಕೇ ಅವರು ರಾಜ್ಯದ ಸ್ಥಾನಮಾನ ಕೊಡಿ, ಸಂವಿಧಾನದ 6ನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಕೇಳಿದ್ದು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳ ಬುಡಕಟ್ಟು ಜಿಲ್ಲೆಗಳಿಗೆ ಇರುವುದೇ ಇದು. ಭೂಮಿ, ಕಾಡು, ನೀರಿನ ಬಗ್ಗೆ ಆ ಜಿಲ್ಲೆಯ ಮಂಡಳಿಯೇ ಕಾನೂನು ಮಾಡಬಹುದು, ರಾಜ್ಯಪಾಲರ ಒಪ್ಪಿಗೆ ಬೇಕು ಅಷ್ಟೇ. ಮೇಘಾಲಯ ಏನು ದೇಶ ಬಿಟ್ಟು ಹೋಯಿತಾ? ಲಡಾಖಿನಲ್ಲೂ ಹೆಚ್ಚುಕಮ್ಮಿ ಎಲ್ಲರೂ ಬುಡಕಟ್ಟಿನವರೇ. 2019ರಲ್ಲಿ ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗವೇ ಇದನ್ನು ಶಿಫಾರಸು ಮಾಡಿತ್ತು. 2020ರ ಲೇಹ್ ಮಂಡಳಿ ಚುನಾವಣೆಯಲ್ಲಿ ಕೇಂದ್ರದಲ್ಲಿ ಆಳುವ ಪಕ್ಷವೇ ಮಾತು ಕೊಟ್ಟಿತ್ತು. ಕೊಟ್ಟ ಮಾತನ್ನು ನೆನಪಿಸಿದರೆ ದ್ರೋಹ ಹೇಗೆ ಆಗುತ್ತೆ ಹೇಳಿ?

ಭೂಮಿ ವಿಷಯಕ್ಕೆ ಇಷ್ಟು ಯಾಕೆ ಹೆದರುತ್ತಾರೆ ಅನ್ನುವುದು ನಮ್ಮ ಚಿತ್ರದುರ್ಗದವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗಬೇಕು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು, ಅಂದರೆ ಆ ಹುಲ್ಲುಗಾವಲು ನೆನಪು ಮಾಡಿಕೊಳ್ಳಿ. ದೊಡ್ಡ ಉಳ್ಳಾರ್ತಿ, ಕುದಾಪುರ, ವರವು. ತಲೆತಲಾಂತರದಿಂದ ಅಲ್ಲಿ ದನ, ಕುರಿ ಮೇಯುತ್ತಿದ್ದವು. ಆ ಕುರಿಯ ಉಣ್ಣೆಯಿಂದಲೇ ಎಷ್ಟೋ ಮನೆಗಳಲ್ಲಿ ಕಂಬಳಿ ಮಗ್ಗ ನಡೆಯುತ್ತಿತ್ತು. ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ಎತ್ತರದ ಗೋಡೆ ಎದ್ದಿತು. ಕುರಿ ಹೊಡೆದುಕೊಂಡು ಹೋದವರು ಗೋಡೆ ನೋಡಿ ವಾಪಸ್ ಬಂದರು. ನಮ್ಮವರಿಗೆ ಹೋಗಿ ಕೂಗಾಡುವುದಕ್ಕೆ ಶಾಸಕರಾದರೂ ಇದ್ದರು, ವಿಧಾನಸಭೆ ಇತ್ತು, ಹಸಿರು ನ್ಯಾಯಮಂಡಳಿವರೆಗೂ ಹೋದರು. ಅಷ್ಟಿದ್ದೂ ಎಷ್ಟು ಕಷ್ಟಪಟ್ಟರು, ಅಲ್ವಾ?

ಲಡಾಖಿನ ಚಾಂಗ್‌ತಾಂಗ್‌ನಲ್ಲಿ ಚಾಂಗ್ಪಾ ಜನ ಪಶ್ಮೀನಾ ಆಡು ಮೇಯಿಸಿಕೊಂಡು ಬದುಕುತ್ತಾರೆ. ಅಲ್ಲೇ ಪಾಂಗ್ ಬಯಲಿಗೆ 13,000 ಮೆಗಾವ್ಯಾಟ್‌ನ ಸೋಲಾರ್, ಗಾಳಿ ವಿದ್ಯುತ್ ಯೋಜನೆ ಹಾಕಿಕೊಂಡಿದ್ದಾರೆ. ಕರೆಂಟ್ ಬೇಡ ಅಂತ ಯಾರೂ ಅನ್ನುವುದಿಲ್ಲ. ಯಾವ ಬಯಲು ಬಿಡಬೇಕು, ಯಾವುದನ್ನು ಕೊಡಬಹುದು ಅಂತ ಮೇಯಿಸುವವನನ್ನು ಒಂದು ಮಾತು ಕೇಳಬೇಕೋ ಬೇಡವೋ? ಅಲ್ಲಿ ಅವರ ಪರವಾಗಿ ಎದ್ದು ನಿಂತು ಕೇಳುವುದಕ್ಕೆ ಒಂದು ಸದನವೇ ಇಲ್ಲ.

ಬೆಂಕಿ ಹಚ್ಚಿದರಲ್ಲ ಅಂತ ಹರೀಶಣ್ಣ ಕೆಳಗೆ ಬರೆದಿದ್ದಾರೆ. 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಇದೇ ಬೇಡಿಕೆಯ ಪ್ರತಿಭಟನೆಯಲ್ಲಿ ನಡೆದದ್ದು ಅದು. ಬೆಂಕಿ ಹಚ್ಚಿದ್ದು ತಪ್ಪೇ, ನಾನೂ ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ವರ್ಷಗಟ್ಟಲೆ ಅವರು ಉಪವಾಸ ಕೂತರು, ದೆಹಲಿಗೆ ಕಾಲ್ನಡಿಗೆಯಲ್ಲಿ ಹೋದರು. ಅವತ್ತು ಭದ್ರತಾ ಪಡೆಗಳ ಗುಂಡೇಟಿಗೆ 4 ಜನ ಸತ್ತರು. ಅವರಲ್ಲಿ ಒಬ್ಬರು ಕಾರ್ಗಿಲ್ ಯುದ್ಧದಲ್ಲಿ ಹೋರಾಡಿ ನಿವೃತ್ತರಾಗಿದ್ದ ಸೈನಿಕರು.

ಆ ಯುದ್ಧದ ಇನ್ನೊಂದು ವಿಷಯ ಕೇಳಿ. 1999ರ ಮೇ ತಿಂಗಳಲ್ಲಿ ಗುಡ್ಡದ ಮೇಲೆ ಪಾಕಿಸ್ತಾನದವರು ನುಸುಳಿರುವುದನ್ನು ನೋಡಿ ಸೈನ್ಯಕ್ಕೆ ಸುದ್ದಿ ಮುಟ್ಟಿಸಿದವರು ಕಳೆದುಹೋದ ಯಾಕ್ ಹುಡುಕಿಕೊಂಡು ಹೋಗಿದ್ದ ಲಡಾಖಿ ಕುರಿಗಾಹಿ, ತಾಶಿ ನಾಮ್ಗ್ಯಾಲ್. ಅಂಥವರ ಮಕ್ಕಳು ಮೊಮ್ಮಕ್ಕಳನ್ನೇ ಚಿಕ್ಕಪ್ಪಾ, ಆ ಫಾರ್ವರ್ಡ್‌ನಲ್ಲಿ ದೇಶದ್ರೋಹಿಗಳು ಅಂದಿರುವುದು. ದಯವಿಟ್ಟು ಅದನ್ನು ಗ್ರೂಪಿನಿಂದ ತೆಗೆದುಬಿಡಿ.